ತೊಟ್ಟಿ ಸುಳ್ಳು ಹೇಳಲ್ಲ

"ಮೇಡಂ, ಗಾಜಿಗೆ ಮೂಗು ತಾಗಿಸ್ಬೇಡಿ, ಜಿಡ್ಡು ಅಂಟತ್ತೆ," ಎಂದಳು ಗುಬ್ಬಿ.

ಜರಡಿ ಮೂಗನ್ನು ಒಂದು ಬೆರಳಿನಷ್ಟು ಹಿಂದಕ್ಕೆ ತೆಗೆದುಕೊಂಡಳು, ಅಷ್ಟೇ. ಕಣ್ಣು ಮಾತ್ರ ತೊಟ್ಟಿಯನ್ನು ಬಿಡಲಿಲ್ಲ. ಆಳೆತ್ತರದ ಗಾಜಿನ ತೊಟ್ಟಿ, ತುಂಬ ನೀರು, ತಳದಲ್ಲೊಂದು ಸಣ್ಣ ಸೂಜಿ. ಸೂಜಿಯ ಬಾಯಿಂದ ಗಾಳಿಯ ಗುಳ್ಳೆಯೊಂದು ಬಿಡಿಸಿಕೊಂಡು, ಕುಡಿದವನಂತೆ ಆ ಕಡೆ ಈ ಕಡೆ ವಾಲಾಡುತ್ತ ಸರಸರನೆ ಮೇಲೇರಿ, ನೀರಿನ ನೆತ್ತಿಯಲ್ಲಿ ಒಡೆದು ಹೋಯಿತು.

"ಇನ್ನೊಂದು ಬಿಡಮ್ಮ."

ಗುಬ್ಬಿ ಇನ್ನೊಂದು ಬಿಟ್ಟಳು. ಅದೂ ಅದೇ ಚಾಳಿ, ಅದೇ ವಾಲಾಟ.

ರಕ್ತದಲ್ಲಿ ಸೇರಿದ ಗಾಳಿಗುಳ್ಳೆ ಹಿಡಿಯುವ ಗುಳ್ಳೆಬಲೆಯ ಹೊಸ ಮಾದರಿ ಹೃದಯದ ಆಪರೇಷನ್ನಿನ ನಡುವೆ ಕೈಕೊಟ್ಟು, ಅದರ ತಪ್ಪೆಲ್ಲ ಇಲ್ಲಿ ಸಂಶೋಧನೆ ಮಾಡುತ್ತಿದ್ದ ಗುಬ್ಬಿಯ ತಲೆಗೆ ಬಂದು, ಇವತ್ತು ಮಧ್ಯಾಹ್ನದ ಸಭೆಯಲ್ಲಿ ಅವಳನ್ನು ಲ್ಯಾಬಿನಿಂದ ಹೊರಹಾಕುವುದೊಂದೇ ಬಾಕಿ ಇತ್ತು. ಅಷ್ಟರೊಳಗೆ ನಿಜ ಸಿಕ್ಕಿದರೆ ಅವಳು ಉಳಿದಳು, ಇಲ್ಲದಿದ್ದರೆ ಇಷ್ಟು ವರ್ಷದ ಓದು ಮಣ್ಣುಪಾಲು.

ಜರಡಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಆಕೆ ಕಾರ್ಖಾನೆಗಳ ಬಾಯ್ಲರ್ ತಪಾಸಣೆ ಮಾಡುತ್ತಿದ್ದ ಕಾಲದಲ್ಲಿ ಮ್ಯಾನೇಜರುಗಳು ಹೊಟ್ಟೆ ಉರಿದುಕೊಂಡು ಇಟ್ಟದ್ದು. ಅವರು ಹತ್ತು ಮಾತು ಹೇಳಿದರೆ ಈಕೆ ಜರಡಿ ಹಿಡಿದು ಒಂಬತ್ತನ್ನು ಹೊಟ್ಟು ಎಂದು ಊದಿಬಿಡುತ್ತಿದ್ದಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾಗದೆ ಪತ್ತೇದಾರಿಕೆಗೆ ಇಳಿದಳು. ಹೆಸರು ಅಲ್ಲಿಗೂ ಹಿಂಬಾಲಿಸಿ ಬಂತು.

ಈ ಲ್ಯಾಬಿನವರು ಮಾಡಿದ್ದು ಒಂದು ಪ್ರೋಗ್ರಾಮು. ಒಂದಕ್ಕೊಂದು ಬೆರೆಯದವು ಜೊತೆಯಲ್ಲಿ ಹರಿದರೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ತೋರಿಸುವುದು ಅದರ ಕೆಲಸ. ನೀರಿನೊಳಗೆ ಗಾಳಿ, ಎಣ್ಣೆಯೊಳಗೆ ನೀರು, ಗಾಳಿಯಲ್ಲಿ ಹಾರುವ ಶಾಯಿಯ ಹನಿ, ಹೀಗೆ. ಕಟ್ಟಿದವರು ಗುಳ್ಳೆ ಮೇಷ್ಟ್ರು. ಕಟ್ಟಿದ್ದಕ್ಕೆ ಬೀಗ ಹಾಕಿಕೊಂಡು ಕೂರದೆ ಒಳಗಿನ ಕೋಡನ್ನೆಲ್ಲ ಲೋಕದ ಮುಂದೆ ಬಿಚ್ಚಿಟ್ಟುಬಿಟ್ಟರು. ಯಾರು ಬೇಕಾದರೂ ತೆಗೆದುಕೊಳ್ಳಿ, ತಪ್ಪು ಕಂಡರೆ ಹೇಳಿ, ತಿದ್ದಿದರೆ ನಮಗೂ ಕಳಿಸಿ. ಉಪಯೋಗಕ್ಕೆ ಬಂದರೆ ಒಂದು ಪೋಸ್ಟ್ ಕಾರ್ಡು ಹಾಕಿ, ಸಾಕು.

ಕಾರ್ಡುಗಳು ಲ್ಯಾಬಿನ ಗೋಡೆ ತುಂಬಿ, ಬಾಗಿಲ ಹಿಂದಕ್ಕೂ ಹೋಗಿ, ಈಗ ಕಪಾಟಿನ ಮೈಮೇಲೆ ಜಾಗ ಹುಡುಕುತ್ತಿದ್ದವು. ಹಾಲಿನ ಡೇರಿಯವರದು, ಅಣೆಕಟ್ಟಿನ ಎಂಜಿನಿಯರರದು, ಪ್ರಿಂಟರ್ ಮಾಡುವವರದು. ಬೇರೆ ಬೇರೆ ಭಾಷೆ, ಬೇರೆ ಬೇರೆ ಕೈಬರಹ, ಎಲ್ಲದರಲ್ಲೂ ಇದ್ದದ್ದು ಥ್ಯಾಂಕ್ಸು ಒಂದೇ.

ಜರಡಿ ಕಾರ್ಡು ಹಾಕಿರಲಿಲ್ಲ. ಅವಳ ಋಣ ಕಾರ್ಡಿನಲ್ಲಿ ಹಿಡಿಸುವಂಥದ್ದಾಗಿರಲಿಲ್ಲ.

ಹೋದ ವರ್ಷ ಅವಳ ಹೃದಯದ ಕವಾಟ ಬದಲಿಸಿದರು. ಆಪರೇಷನ್ ನಡೆಯುವಷ್ಟು ಹೊತ್ತೂ ರಕ್ತವೆಲ್ಲ ಮೈಯಿಂದ ಹೊರಗೆ ಬಂದು, ಯಂತ್ರವೊಂದರೊಳಗೆ ಸುತ್ತಿ, ಮತ್ತೆ ಮೈಗೆ ಹೋಯಿತು. ಹಾಗೆ ಸುತ್ತುವಾಗ ಸೇರಿಕೊಂಡ ಗಾಳಿಗುಳ್ಳೆ ಮಿದುಳು ಮುಟ್ಟಿದ್ದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮುಟ್ಟದ ಹಾಗೆ ತಡೆದದ್ದು ಲೋಟದಷ್ಟು ದೊಡ್ಡದೊಂದು ಪ್ಲಾಸ್ಟಿಕ್ ಸಾಮಾನು. ರಕ್ತ ಅದರೊಳಗೆ ನಿಧಾನವಾಗಿ ಹಾಯುವಾಗ ಗುಳ್ಳೆಗಳು ಮೇಲೇರಿ ಅಲ್ಲೇ ಸಿಕ್ಕಿಬೀಳುತ್ತವೆ. ಆಸ್ಪತ್ರೆಯವರು ಅದನ್ನು ಗುಳ್ಳೆಬಲೆ ಎನ್ನುತ್ತಾರೆ. ಅದರ ಅಳತೆಯನ್ನೆಲ್ಲ ಹೇಳಿಕೊಟ್ಟದ್ದು ಮೇಷ್ಟ್ರ ಪ್ರೋಗ್ರಾಮು ಎಂದು ಯಂತ್ರ ನೋಡಿಕೊಳ್ಳುವಾತ ಆಮೇಲೆ ಹೇಳಿದ್ದ. ಮುಖ ನೋಡದ ಒಬ್ಬ ಮನುಷ್ಯ ಏನನ್ನೂ ಕೇಳದೆ ಕೊಟ್ಟ ಲೆಕ್ಕದಿಂದ ತಾನಿನ್ನೂ ಉಸಿರಾಡುತ್ತಿದ್ದೇನೆ ಎಂದು ತಿಳಿದಾಗ ಜರಡಿ ಗಟ್ಟಿಯಾಗಿ ಅತ್ತುಬಿಟ್ಟಿದ್ದಳು. ಅಂಥ ಮನುಷ್ಯನೇ ಹೋದ ವಾರ ಮನೆ ಬಾಗಿಲಿಗೆ ಬಂದು, "ಯಾರು ಮಾಡಿದ್ದು ಅಂತ ಹುಡುಕಿ ಕೊಡಿ. ಯಾರನ್ನೂ ಬಿಡ್ಬೇಡಿ, ನನ್ನನ್ನೂ," ಎಂದಾಗ ಚಪ್ಪಲಿ ಮೆಟ್ಟಿಕೊಂಡು ಹೊರಡುವುದೊಂದೇ ಅವಳಿಗೆ ಉಳಿದದ್ದು.

"ಈಗ ಹೇಳು," ಎಂದಳು ಜರಡಿ, ಸ್ಟೂಲೊಂದನ್ನು ಎಳೆದು ಕೂತು. "ನನಗೆ ಬಾಯ್ಲರ್ ಗೊತ್ತು, ಗುಳ್ಳೆ ಗೊತ್ತಿಲ್ಲ. ನೀನು ಏನು ತಿದ್ದಿದೆ, ಯಾಕೆ ತಿದ್ದಿದೆ?"

"ಸೋಪಿನ ಪರೀಕ್ಷೆಯಿಂದ ಶುರುವಾಗಿದ್ದು ಮೇಡಂ." ಗುಬ್ಬಿ ತೊಟ್ಟಿಯ ಪಕ್ಕದ ಬಾಟಲಿಯ ಕಡೆ ಕೈ ತೋರಿಸಿದಳು. ಒತ್ತಿದರೆ ಹನಿ ಬೀಳುವ ಸಣ್ಣ ಬಾಟಲಿ, ಒಳಗೆ ತಿಳಿ ಹಸಿರು. "ಬರೀ ನೀರಿನಲ್ಲಿ ಗುಳ್ಳೆ ಜೋರಾಗಿ, ಅಡ್ಡಾದಿಡ್ಡಿ ಏರತ್ತೆ. ಒಂದು ಹನಿ ಸೋಪು ಬಿದ್ರೆ ಸೋಪು ಗುಳ್ಳೆಯ ಮೈಗೆಲ್ಲ ಅಂಟ್ಕೊಂಡು ಅದರ ಕಾಲು ಕಟ್ಟತ್ತೆ. ಆಗ ಅದು ನಿಧಾನ, ನೆಟ್ಟಗೆ. ರಕ್ತದಲ್ಲೂ ಹಾಗೇ. ರಕ್ತದಲ್ಲಿರೋ ಪ್ರೋಟೀನು ಸೋಪಿನ ಹಾಗೇ ಅಂಟ್ಕೊಳ್ಳತ್ತೆ."

"ಅಂದ್ರೆ ಗುಳ್ಳೆಬಲೆ ಮಾಡೋರಿಗೆ ಈ ಸೋಪಿನ ಲೆಕ್ಕವೇ ಮುಖ್ಯ."

"ಅದೇ ಜೀವಾಳ. ಅದಕ್ಕೇ ನಾವು ಆಗಾಗ ಪರೀಕ್ಷೆ ಮಾಡ್ತೀವಿ. ತೊಟ್ಟೀಲೊಂದು ಗುಳ್ಳೆ, ಕಂಪ್ಯೂಟರಿನಲ್ಲೊಂದು ಗುಳ್ಳೆ. ಎರಡೂ ಒಟ್ಟಿಗೆ ಮೇಲೆ ಮುಟ್ಟಬೇಕು. ಮುಟ್ಟದಿದ್ರೆ..." ಗುಬ್ಬಿ ಬಾಗಿಲ ಮೇಲಿನ ಹಲಗೆ ತೋರಿಸಿದಳು.

ಹಲಗೆಯ ಮೇಲೆ ಮೇಷ್ಟ್ರ ದಪ್ಪಕ್ಷರ: ‘ತೊಟ್ಟಿ ಸುಳ್ಳು ಹೇಳಲ್ಲ. ತೊಟ್ಟಿಗೂ ಕಂಪ್ಯೂಟರಿಗೂ ಜಗಳ ಬಂದರೆ ತಿದ್ದಬೇಕಾದ್ದು ಕಂಪ್ಯೂಟರನ್ನು.’

"ಜಗಳ ಬಂತು," ಎಂದಳು ಜರಡಿ.

"ಬಂತು. ತೊಟ್ಟಿ ಗುಳ್ಳೆ ಮುಂದೆ ಓಡಿಹೋಯ್ತು. ನಾನು ನೀರು ಚೆಲ್ಲಿ, ತೊಳೆದು, ಹೊಸ ನೀರು ತುಂಬಿ, ಹೊಸ ಹನಿ ಹಾಕಿ ಮತ್ತೆ ಮತ್ತೆ ಮಾಡಿದೆ. ಪ್ರತಿ ಸಲ ಅದೇ. ಹಾಗಾದ್ರೆ ನಮ್ಮ ಲೆಕ್ಕವೇ ತಪ್ಪು ಅಂತ ಪ್ರೋಗ್ರಾಮಿನಲ್ಲಿ ಸೋಪಿನ ಪ್ರಭಾವ ಕಮ್ಮಿ ಮಾಡಿದೆ. ಮೇಷ್ಟ್ರೂ ನೋಡಿ ಒಪ್ಪಿದ್ರು." ಅವಳ ದನಿ ಸಣ್ಣದಾಯಿತು. "ಗುಳ್ಳೆಬಲೆ ಮಾಡೋ ಕಂಪನಿಯೋರು ಹೊಸ ಲೆಕ್ಕ ತಗೊಂಡು, ಗುಳ್ಳೆ ಹೇಗೂ ಬೇಗ ಏರತ್ತಲ್ಲ ಅಂತ ಗಿಡ್ಡನೆಯ ಬಲೆ ಮಾಡಿದ್ರು. ರಕ್ತದಲ್ಲಿ ಗುಳ್ಳೆ ಬೇಗ ಏರ್ಲೇ ಇಲ್ಲ. ಮೇಲೆ ಮುಟ್ಟೋ ಮುಂಚೆ ಮುಂದಕ್ಕೆ ಹೋಯ್ತು."

ಯಂತ್ರ ಕೂಗಿಕೊಂಡಿತು, ಸರ್ಜನ್ ಆ ಕ್ಷಣಕ್ಕೇ ನಳಿಗೆ ಬಿಗಿ ಹಾಕಿದರು, ರೋಗಿ ಬದುಕಿದರು. ಅದೊಂದು ಪುಣ್ಯ.

"ಹಳೆಯ ಪರೀಕ್ಷೆಯ ವೀಡಿಯೋ ಇದೆಯಾ?"

ಇತ್ತು. ಅದರಲ್ಲಿ ಗುಳ್ಳೆ ಮಂಡಿನೋವಿನ ಅಜ್ಜಿ ಮೆಟ್ಟಿಲು ಹತ್ತಿದ ಹಾಗೆ ನಿಧಾನವಾಗಿ, ನೆಟ್ಟಗೆ ಏರಿತು. ಜರಡಿ ಅದನ್ನು ನೋಡಿದಳು, ಬಾಟಲಿಯ ಹನಿ ಬಿದ್ದೂ ಗುಳ್ಳೆ ವಾಲಾಡುತ್ತಿದ್ದ ಎದುರಿನ ತೊಟ್ಟಿಯನ್ನು ನೋಡಿದಳು. ನೀರು ಅದೇ, ಸೂಜಿ ಅದೇ. ಬದಲಾಗಬಹುದಾದದ್ದು ಇನ್ನೊಂದೇ ಇತ್ತು.

ಆಕೆ ಬಾಟಲಿ ಎತ್ತಿಕೊಂಡು ಮುಚ್ಚಳಕ್ಕೆ ಹೆಬ್ಬೆರಳು ಒತ್ತಿ ಗಡಗಡ ಕುಲುಕಿದಳು.

"ಅಯ್ಯೋ ಮೇಡಂ, ಅದನ್ನ ಕುಲುಕಬಾರದು!" ಗುಬ್ಬಿ ಓಡಿ ಬಂದಳು. "ಕುಲುಕಿದ್ರೆ ನೊರೆ ಬಂದು ಹನಿಯ ಅಳತೆ ಕೆಡತ್ತೆ. ಇಲ್ಲಿ ಯಾರೂ ಅದನ್ನ..."

ಬಾಟಲಿಯಲ್ಲಿ ನೊರೆಯೇ ಬರಲಿಲ್ಲ. ಹಸಿರು ನೀರು ಅಲುಗಾಡಿ, ಏನೂ ಆಗದವರ ಹಾಗೆ ಸುಮ್ಮನಾಯಿತು.

ಗುಬ್ಬಿ ಬಾಟಲಿಯನ್ನು ತಾನೂ ಒಮ್ಮೆ ಕುಲುಕಿ ನೋಡಿ, ಅಲ್ಲೇ ಕೂತಳು. ಕುಲುಕಬಾರದೆಂಬ ಶಿಸ್ತು, ತೊಟ್ಟಿ ಹೇಳಿದ್ದನ್ನು ನಂಬಬೇಕೆಂಬ ಶಿಸ್ತು. ಅವಳು ಎರಡನ್ನೂ ಚಾಚೂ ತಪ್ಪದೆ ಪಾಲಿಸಿದ್ದಳು. ಅಷ್ಟು ಅಚ್ಚುಕಟ್ಟಿಲ್ಲದ ಇನ್ಯಾರೋ ಆಗಿದ್ದರೆ ಯಾವತ್ತೋ ಬಾಟಲಿ ಕುಲುಕಿ ಬಚಾವಾಗುತ್ತಿದ್ದರು ಎಂದು ಜರಡಿಗೆ ಅನ್ನಿಸಿ ಅಯ್ಯೋ ಪಾಪ ಎನಿಸಿತು.

"ಬಾಟಲಿ ತುಂಬಿಸೋದು ಯಾರು?"

"ಮೇಷ್ಟ್ರ ಮನೆಯೋರು. ಅವರು ಮನೆಯಿಂದಲೇ ತುಂಬಿ ಕೊಡ್ತಾರೆ. ಮೊದಲಿಂದಲೂ ಅದೇ ಸೋಪು."

ಮೇಷ್ಟ್ರ ಮನೆ ಲ್ಯಾಬಿನ ಹಿಂದಿನ ಬೀದಿಯಲ್ಲೇ ಇತ್ತು. ಜರಡಿ ಹೋದಾಗ ಮೇಷ್ಟ್ರ ಹೆಂಡತಿ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾದವರು. ಒಳಕೋಣೆಯಲ್ಲಿ ತುಂಬು ಬಸುರಿ ಮಗಳು ಮಲಗಿದ್ದಳು. ಹಾಗಾಗಿ ಮಾತೆಲ್ಲ ಮೆಲುದನಿಯಲ್ಲೇ ನಡೆಯಿತು.

"ನಾನು ಸೋಪಿಗೆ ನೀರು ಬೆರೆಸೋಳು ಅಂದ್ಕೊಂಡ್ರಾ ಜರಡಿಯವ್ರೇ?" ನೊರೆ ಬರದ ಬಾಟಲಿಯ ವಿಷಯ ಕೇಳಿ ಆಕೆ ಕೈ ಒರೆಸಿಕೊಳ್ಳುತ್ತ ನಕ್ಕರು. "ಬೆರೆಸ್ತೀನಿ, ಮನೆಯ ಪಾತ್ರೆಗೆ. ಲ್ಯಾಬಿನ ಬಾಟಲಿಗೆ ಮಾತ್ರ ಡಬ್ಬದಿಂದ ನೇರವಾಗಿ. ಆ ಪರೀಕ್ಷೆ ಹುಟ್ಟಿದ್ದೇ ನನ್ನಿಂದ, ಗೊತ್ತಾ?"

"ಅದು ಹೇಗೆ?"

"ಮದುವೆಯಾದ ಹೊಸತು. ತೊಟ್ಟಿ ಪಾಚಿ ಹಿಡಿದಿತ್ತು, ನೋಡೋಕ್ಕಾಗದೆ ನಾನೇ ಹೋಗಿ ತೊಳೆದೆ. ಸೋಪು ಸರಿಯಾಗಿ ಹೋಗಿರ್ಲಿಲ್ಲ. ಮಾರನೇ ದಿನ ಇವರು ಮನೆಗೆ ಬಂದು ಕೂಗಾಡಿದ್ದೂ ಕೂಗಾಡಿದ್ದೇ, ನನ್ನ ಗುಳ್ಳೆಗಳಿಗೆಲ್ಲ ಏನು ಮಾಡಿದೆ ಅಂತ. ರಾತ್ರಿಯೆಲ್ಲ ಯೋಚನೆ ಮಾಡಿ ಬೆಳಿಗ್ಗೆ ಕಾಫಿ ತಾವೇ ಮಾಡ್ಕೊಂಡು ತಂದ್ರು. ಅದೊಂದು ತೊಳೆತದಿಂದ ಅವರಿಗೆ ಹೊಸ ದಾರಿ ಸಿಕ್ಕಿತ್ತು. ಅವತ್ತಿಂದ ಈ ಮನೇಲಿ ನನ್ನ ಸೋಪಿಗಿರೋ ಮರ್ಯಾದೆ ನನಗಿಲ್ಲ ನೋಡಿ."

ಇಬ್ಬರೂ ನಕ್ಕರು. ಆಮೇಲೆ ಆಕೆ ಗಂಭೀರವಾದರು.

"ಆ ಹುಡುಗಿಗೆ ಏನೂ ಆಗ್ಬಾರ್ದು. ನಾನು ಬಿದ್ದು ಸೊಂಟ ಮುರ್ಕೊಂಡಾಗ ಆಸ್ಪತ್ರೆಯಲ್ಲಿ ನನ್ನ ತಲೆ ಬಾಚಿದ್ದು ಅವಳು. ಹೆತ್ತ ಮಗಳು ಆಗ ದೂರದ ಊರಲ್ಲಿದ್ಲು, ಬರೋಕ್ಕಾಗ್ಲಿಲ್ಲ. ಇವರಿಗೂ ಹೇಳಿದೀನಿ, ನಾವು ಅವಳಿಗೆ ಎಷ್ಟು ಮಾಡಿದ್ರೂ ಕಮ್ಮಿ ಅಂತ."

"ಮೇಷ್ಟ್ರು ಏನಂದ್ರು?"

"ಏನೂ ಅನ್ಲಿಲ್ಲ. ಈಚೆಗೆ ಅವರು ಮಾತೇ ಆಡಲ್ಲ. ಊಟಾನೂ ಸೇರ್ತಾ ಇಲ್ಲ."

ಬಾಟಲಿಯನ್ನು ಆಕೆ ಕಡೆಯ ಸಲ ತುಂಬಿ ಕೊಟ್ಟದ್ದು ಹೋದ ವರ್ಷವಂತೆ. ಹನಿ ಹನಿ ಖರ್ಚಾಗುವ ಸೋಪು ಅಷ್ಟು ಬೇಗ ಮುಗಿಯುವುದಿಲ್ಲ. ಜರಡಿ ಡಬ್ಬದಿಂದ ಒಂದಷ್ಟನ್ನು ಸ್ಟೀಲಿನ ಲೋಟಕ್ಕೆ ಬಗ್ಗಿಸಿಕೊಂಡು, ಮೇಲೆ ಕಾಗದ ಮುಚ್ಚಿ, ಬಸ್ಸಿನಲ್ಲಿ ಸಾರು ಒಯ್ಯುವವರ ಹಾಗೆ ಎರಡೂ ಕೈಯಲ್ಲಿ ಹಿಡಿದು ಲ್ಯಾಬಿಗೆ ವಾಪಸಾದಳು.

ಗುಬ್ಬಿ ಕೂತಲ್ಲೇ ಕೂತಿದ್ದಳು. ಜರಡಿ ಕಿಟಕಿಯ ಪರದೆ ಎಳೆದು, ಕೈಚೀಲದಿಂದ ತನ್ನ ಹಳೆಯ ನೀಲಿ ಟಾರ್ಚು ತೆಗೆದಳು. ಬಾಯ್ಲರಿನ ಸೋರಿಕೆ ಹುಡುಕುವುದಕ್ಕೆ ನೀರಿಗೆ ಒಂದು ಬಗೆಯ ಬಣ್ಣ ಬೆರೆಸಿ, ಈ ಬೆಳಕು ಬಿಟ್ಟು ನೋಡುತ್ತಾರೆ. ಸೋರಿದ ಜಾಗ ಫಳಫಳ ಹೊಳೆಯುತ್ತದೆ. ನಿವೃತ್ತಿಯಾದ ಮೇಲೂ ಆ ಟಾರ್ಚು ಅವಳ ಚೀಲ ಬಿಟ್ಟು ಇಳಿದಿರಲಿಲ್ಲ.

ಲೋಟದ ಮೇಲೆ ಬೆಳಕು ಬಿಟ್ಟಳು. ಆ ಸೋಪೂ ತಿಳಿ ಹಸಿರೇ, ಆದರೆ ಮಂಕಾಗಿಯೇ ಇತ್ತು.

ಬಾಟಲಿಯ ಮೇಲೆ ಬಿಟ್ಟಳು. ಹಸಿರು ಝಗ್ಗೆಂದು ಹೊತ್ತಿಕೊಂಡಿತು.

"ಈ ಬಣ್ಣ ನಿಮ್ಮ ಲ್ಯಾಬಿನಲ್ಲಿ ಇದೆಯಾ?"

ಗುಬ್ಬಿ ತಲೆಯಾಡಿಸಿದಳು. "ಇಲ್ಲ ಮೇಡಂ. ಕಂಪನಿಯೋರ ಹತ್ತಿರ ಇದೆ. ಗುಳ್ಳೆಬಲೆ ಪರೀಕ್ಷೆ ಮಾಡುವಾಗ ನೀರು ಎಲ್ಲೆಲ್ಲಿ ಹರಿಯತ್ತೆ ಅಂತ ನೋಡೋಕ್ಕೆ ಹಾಕ್ತಾರೆ." ಹೇಳುತ್ತಿದ್ದ ಹಾಗೆ ಅವಳ ಮುಖದ ಬಣ್ಣ ಇಳಿಯಿತು. "ಕಂಪನಿಯಿಂದ ಇಲ್ಲಿಗೆ ಬರೋರು ಅಂದ್ರೆ..."

"ಹೆಸರು ಹಿಡೀಬೇಡ. ಗೊತ್ತಾಗದೆ ಯಾರ ಮೇಲೂ ಗೂಬೆ ಕೂರಿಸೋದು ಬೇಡ. ನಿನ್ನ ಮೇಲೆ ಕೂರಿಸಿದ್ದೇ ಸಾಕು."

ಮೇಲಿನಿಂದ ಸಭೆಗೆ ಕರೆ ಬಂತು. ಗುಬ್ಬಿ ಎದ್ದು ದುಪಟ್ಟಾ ಸರಿಮಾಡಿಕೊಂಡು, ಬಾಗಿಲಲ್ಲಿ ಒಂದು ಗಳಿಗೆ ನಿಂತಳು.

"ಮೇಡಂ, ನನಗೆ ಫಸ್ಟ್ ಕ್ಲಾಸ್ ಇರ್ಲಿಲ್ಲ. ಇಂಗ್ಲಿಷೂ ಅಷ್ಟಕ್ಕಷ್ಟೇ. ಯಾರೂ ಸೇರಿಸ್ಕೊಳ್ಳಲಿಲ್ಲ. ಮೇಷ್ಟ್ರು ಒಬ್ರೇ, ನಿನಗೆ ಗುಳ್ಳೆ ನೋಡೋ ತಾಳ್ಮೆ ಇದೆಯಾ ಅಂತ ಕೇಳಿ ಒಳಗೆ ಕರ್ಕೊಂಡ್ರು. ಇವತ್ತು ಏನೇ ಆಗ್ಲಿ, ಅದನ್ನ ನಾನು ಮರೆಯಲ್ಲ."

"ಹೋಗಿ ಕೂತ್ಕೋ. ಎಳೆದಾಡಿ ಮಾತಾಡಿ ಹೊತ್ತು ಕಳಿ. ನಾನು ಬರ್ತೀನಿ," ಎಂದಳು ಜರಡಿ. ಅವಳಿಗೆ ಬೇಕಾಗಿದ್ದವನು ಸಭೆಗೆ ಹೋಗುವ ಮುಂಚೆ ಇಲ್ಲಿಗೆ ಬಂದೇ ಬರುತ್ತಾನೆಂದು ಅವಳಿಗೆ ಗೊತ್ತಿತ್ತು.

ಬಂದ. ಮೇಷ್ಟ್ರ ಮಗಳ ಗಂಡ. ಲ್ಯಾಬಿನವರೆಲ್ಲ ಅವನನ್ನು ತಮಾಷೆಗೆ ‘ಅಳಿಯಂದ್ರು’ ಎಂದೇ ಕರೆಯುವುದು. ಒಂದು ಕಾಲಕ್ಕೆ ಇದೇ ತೊಟ್ಟಿಯ ಮುಂದೆ ಕಲಿತವನು, ಈಗ ಗುಳ್ಳೆಬಲೆ ಮಾಡುವ ಕಂಪನಿಯಲ್ಲಿ ಎಂಜಿನಿಯರು. ವಾರಕ್ಕೊಮ್ಮೆ ಮಾವನ ಜೊತೆ ಊಟಕ್ಕೆಂದು ಬರುವುದು ವಾಡಿಕೆ. ಇವತ್ತು ಮಾತ್ರ ಕಂಪನಿಯ ಪರವಾಗಿ ಸಭೆಗೆ ಬಂದಿದ್ದ.

"ಮಾವ ಇಲ್ವಾ ಮೇಡಂ?"

"ಮೇಲೆ ಹೋದ್ರು. ನಿಮ್ಮನ್ನ ಕರೆಯೋದು ಇನ್ನೂ ತಡ, ಕೂತ್ಕೊಳ್ಳಿ. ನೀವೂ ಇಲ್ಲೇ ಕಲಿತೋರಂತೆ. ನನಗೊಂದು ಸೋಪಿನ ಪರೀಕ್ಷೆ ಮಾಡಿ ತೋರಿಸಿಬಿಡಿ. ಆ ಹುಡುಗಿ ಅರ್ಧಕ್ಕೇ ಹೋದ್ಲು."

ಅಳಿಯನಿಗೆ ಖುಷಿಯೇ ಆಯಿತು. ತೋಳು ಮಡಿಸಿಕೊಂಡು ತೊಟ್ಟಿಯ ಮುಂದೆ ನಿಂತ. ಬಾಟಲಿ ಅವನ ಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಕಾಗದ ಮುಚ್ಚಿದ ಲೋಟ ಅದರ ಹಿಂದೆ ಇತ್ತು. ಅವನ ಕೈ ಬಾಟಲಿಯನ್ನು ದಾಟಿ ಹೋಗಿ ಲೋಟವನ್ನು ಎತ್ತಿಕೊಂಡಿತು. ಕಾಗದ ಸರಿಸಿ ಮೂಸಿದ, ಗಾಜಿನ ನಳಿಗೆಯಲ್ಲಿ ಒಂದು ಹನಿ ತೆಗೆದು ನೀರಿಗೆ ಬಿಟ್ಟ, ಮೆಲ್ಲಗೆ ಕಲಕಿದ, ಸೂಜಿಯಿಂದ ಗುಳ್ಳೆ ಬಿಟ್ಟ.

ಗುಳ್ಳೆ ದುಂಡಗೆ, ನಿಧಾನವಾಗಿ, ನೆಟ್ಟಗೆ ಏರಿತು.

"ಆಹಾ," ಎಂದ ಅಳಿಯ. ಅವನ ಮುಖದಲ್ಲಿ ಓದುವ ಹುಡುಗನ ಸಂತೋಷ ಇತ್ತು. "ಮೊದಲ ಸಲ ಇದನ್ನ ಮಾವ ತೋರಿಸಿದಾಗ ನಾನು ಊಟಕ್ಕೇ ಹೋಗಿರ್ಲಿಲ್ಲ ಮೇಡಂ."

"ಚೆನ್ನಾಗಿ ಬಂತು," ಎಂದಳು ಜರಡಿ. "ಸೋಪು ಅಂತ ದಪ್ಪಕ್ಷರದಲ್ಲಿ ಬರೆದಿರೋ ಬಾಟಲಿ ಕೈ ಪಕ್ಕದಲ್ಲೇ ಇತ್ತಲ್ಲ. ಅದನ್ನ ಬಿಟ್ಟು, ಒಳಗೆ ಏನಿದೆ ಅಂತ ಗೊತ್ತಿಲ್ಲದ ಲೋಟ ಯಾಕೆ ತಗೊಂಡ್ರಿ?"

ಅಳಿಯ ಕೈಯಲ್ಲಿದ್ದ ನಳಿಗೆಯನ್ನು ಕೆಳಗಿಟ್ಟ.

ಜರಡಿ ಟಾರ್ಚು ಹಾಕಿದಳು. ಬಾಟಲಿ ಹೊತ್ತಿಕೊಂಡಿತು. ಅವನು ಅದನ್ನು ಒಂದೇ ಒಂದು ಸಲ ನೋಡಿ, ಸ್ಟೂಲಿನ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಬೇಕೂಂತ ಮಾಡಿದ್ದಲ್ಲ," ಎಂದ. "ದೇವರಾಣೆ ಅಲ್ಲ."

"ಹೇಳಿ. ನಾನು ಜಡ್ಜಲ್ಲ."

"ಒಂದಿನ ಊಟಕ್ಕೆ ಬಂದಾಗ ನನ್ನ ಬ್ಯಾಗು ತಾಗಿ ಬಾಟಲಿ ಕೆಳಗೆ ಬಿತ್ತು. ಮುಚ್ಚಳ ಹಾರಿ ಸೋಪೆಲ್ಲ ನೆಲದ ಪಾಲು. ಒರೆಸಿದೆ. ಬ್ಯಾಗಿನಲ್ಲಿ ಕಂಪನಿಯ ಬಾಟಲಿ ಇತ್ತು. ನಮ್ಮಲ್ಲಿ ಎರಡು ಥರ ಮಾಡಿಟ್ಟಿರ್ತೀವಿ, ಬಣ್ಣ ಹಾಕಿದ ಸೋಪು ಒಂದು, ಬಣ್ಣ ಹಾಕಿದ ಬರೀ ನೀರು ಒಂದು. ನೋಡೋಕ್ಕೆ ಎರಡೂ ಒಂದೇ. ನನ್ನ ಹತ್ರ ಇರೋದು ಸೋಪೇ ಅಂದ್ಕೊಂಡು ತುಂಬಿಸಿಬಿಟ್ಟೆ."

"ಬಿತ್ತು ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ಏನೂ ಆಗ್ತಿರ್ಲಿಲ್ಲ. ಅತ್ತೆ ಇನ್ನೊಂದು ಬಾಟಲಿ ತುಂಬಿ ಕೊಡ್ತಿದ್ರು, ಅಷ್ಟೇ." ಅವನು ನಗಲು ಹೋಗಿ ಸೋತ. "ಓದುವಾಗ ಇಲ್ಲಿ ಒಡೆದಿದ್ದೆಲ್ಲ ನಾನೇ ಮೇಡಂ. ಗಾಜು, ಕ್ಯಾಮೆರಾ, ಏನು ಬಿದ್ರೂ ಅಳಿಯಂದ್ರ ಕೈಗುಣ ಅಂತ ಈಗಲೂ ನಗ್ತಾರೆ. ಇನ್ನೊಂದು ಸಲ ನಗಿಸ್ಕೊಳ್ಳೋದು ಬೇಡ ಅನ್ನಿಸ್ತು. ಅಷ್ಟಕ್ಕೇ."

ಅಷ್ಟಕ್ಕೇ. ಜರಡಿ ಈ ಕಸುಬಿನಲ್ಲಿ ದುರಾಸೆ ಕಂಡಿದ್ದಳು, ಹಗೆ ಕಂಡಿದ್ದಳು. ಒಂದು ಜೀವ ತೆಗೆಯುವುದಕ್ಕೆ ಇಷ್ಟು ಸಣ್ಣ ನಾಚಿಕೆ ಸಾಕಾಗುತ್ತಿತ್ತು ಎನ್ನುವುದು ಹೊಸದಾಗಿತ್ತು.

"ಹೊಸ ಲೆಕ್ಕ ಬಂದಾಗ ಅದನ್ನ ಮೊದಲು ತಗೊಂಡೋನೂ ನಾನೇ," ಎಂದ ಅಳಿಯ. "ಮಾವನ ಪ್ರೋಗ್ರಾಮು ಅಂದ್ರೆ ಕಣ್ಮುಚ್ಚಿ ನಂಬ್ತೀನಿ. ಗಿಡ್ಡ ಬಲೆಯ ಅಳತೆ ಹಾಕಿದ್ದೂ ನನ್ನ ಕೈಯೇ. ನಮ್ಮಲ್ಲಿ ಬರೀ ನೀರಿನಲ್ಲೇ ಪರೀಕ್ಷೆ ಮಾಡಿ ಕಳಿಸಿಬಿಟ್ರು, ಪಾಸಾಯ್ತು. ಯಂತ್ರ ಕೂಗಿಕೊಂಡ ದಿನ ಓಡಿಹೋಗಿ ನನ್ನ ಕಪಾಟು ತೆಗೆದು ನೋಡಿದೆ. ಸೋಪಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಕೂತಿತ್ತು. ಆಗ ಗೊತ್ತಾಯ್ತು ಇಲ್ಲಿ ಏನು ಸುರಿದೆ ಅಂತ."

"ಗೊತ್ತಾಗಿಯೂ ಬಾಯಿ ಹೊಲ್ಕೊಂಡು ಕೂತ್ರಿ. ಆ ಕಡೆ ಏನೂ ಅರಿಯದ ಹುಡುಗಿ ಬೀದಿಗೆ ಬೀಳ್ತಾ ಇದಾಳೆ."

"ಇಲ್ಲ!" ಅವನು ತಲೆ ಎತ್ತಿದ. ಕಣ್ಣು ತುಂಬಿತ್ತು. "ಸುಮ್ನೆ ಕೂರ್ಲಿಲ್ಲ ಮೇಡಂ. ಅವತ್ತೇ ಹೇಳಿದೆ."

"ಯಾರಿಗೆ?"

"ಮಾವಂಗೆ."

ತೊಟ್ಟಿಯ ಪಂಪು ಗುಂಯ್‌ಗುಡುವುದು ಜರಡಿಗೆ ಈಗ ಕೇಳಿಸಿತು. ಅಷ್ಟು ಹೊತ್ತೂ ಅದು ಗುಂಯ್‌ಗುಡುತ್ತಲೇ ಇದ್ದಿರಬೇಕು.

"ಇನ್ನೊಂದು ಸಲ ಹೇಳಿ."

"ಮಾವಂಗೆ ಹೇಳಿದೆ. ಇಲ್ಲೇ, ಈ ಸ್ಟೂಲಿನ ಮೇಲೆ ಕೂತು. ಎಲ್ಲಾ ಕೇಳಿಸ್ಕೊಂಡ್ರು. ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ. ಮನೆಗೆ ಹೋಗು, ನನ್ನ ಮಗಳ ಕಿವಿಗೆ ಇದು ಬೀಳೋದು ಬೇಡ, ನಾನು ನೋಡ್ಕೋತೀನಿ ಅಂದ್ರು. ಅವರು ನೋಡ್ಕೋತಾರೆ ಅಂತ ನಾನು ನಂಬಿ ಕೂತೆ. ನಿಮ್ಮನ್ನ ಕರೆಸಿದಾಗ, ಇದೇ ಅವರ ದಾರಿ ಇರಬೇಕು ಅಂದ್ಕೊಂಡೆ."

ಜರಡಿ ಲೆಕ್ಕ ಹಾಕಿದಳು. ಬಲೆ ಕೈಕೊಟ್ಟ ದಿನವೇ ಮೇಷ್ಟ್ರಿಗೆ ಎಲ್ಲ ಗೊತ್ತು. ಅವರು ತನ್ನ ಮನೆ ಬಾಗಿಲಿಗೆ ಬಂದದ್ದು ಆಮೇಲೆ. ಗೊತ್ತಿದ್ದೂ ಏಕೆ ಬಂದರು? ತಮ್ಮ ಬಾಯಿಂದ ಆಡಲಾಗದ್ದನ್ನು ತನ್ನ ಬಾಯಿಂದ ಆಡಿಸುವುದಕ್ಕೋ? ಇಲ್ಲವೇ, ಎಲ್ಲ ಹುಡುಕಿಸಿದೆ, ಏನೂ ಸಿಗಲಿಲ್ಲ ಎಂದು ಹೇಳಿಕೊಳ್ಳುವುದಕ್ಕೋ? ಎರಡನೆಯದು ಹೊಳೆದ ಕೂಡಲೇ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ತನಗೆ ಉಸಿರು ಕೊಟ್ಟವರ ಬಗ್ಗೆ ಹೀಗೆ ಯೋಚಿಸಬಹುದೇ? ಆದರೂ ಯೋಚನೆ ಬಂದುಬಿಟ್ಟಿತ್ತು. ಬಂದದ್ದನ್ನು ವಾಪಸು ಕಳಿಸುವ ಅಭ್ಯಾಸ ಅವಳಿಗೆ ಇರಲಿಲ್ಲ.

"ಏಳಿ," ಎಂದಳು. "ನನಗೆ ಹೇಳಿದ್ದನ್ನ ಈಗ ಮೇಲೆ ಹೋಗಿ ಹೇಳಿ. ಒಂದಕ್ಷರ ಬಿಡದೆ."

"ಕಂಪನಿಯೋರು ನನ್ನ ಮೇಲೆ ಕೇಸು ಹಾಕ್ತಾರೆ ಮೇಡಂ. ನನ್ನ ಹೆಂಡತಿಗೆ ಇವತ್ತೋ ನಾಳೆಯೋ..."

"ಗೊತ್ತು. ಈಗಷ್ಟೇ ನೋಡ್ಕೊಂಡು ಬಂದೆ. ಹುಟ್ಟೋ ಮಗುವಿನ ಅಪ್ಪ ಜೈಲಿಗೆ ಹೋಗ್ಬಾರ್ದು ಅಂತ ನನಗೂ ಇದೆ. ನಿಮ್ಮ ಜೊತೆ ನಾನು ನಿಂತ್ಕೋತೀನಿ, ತಿಳೀದೆ ಆದದ್ದು ಅಂತ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಆದ್ರೆ ಆ ಹುಡುಗಿಯೂ ಒಬ್ಬರ ಮಗಳೇ. ಏಳಿ."

ಅವನು ಎದ್ದ. ಹೊರೆ ಇಳಿಸಿದವನ ಹಾಗೆ ಒಂದು ಉದ್ದ ಉಸಿರು ಬಿಟ್ಟ. "ಥ್ಯಾಂಕ್ಸ್ ಮೇಡಂ," ಎಂದ. "ಯಾರಾದ್ರೂ ಕೇಳ್ಲಿ ಅಂತಲೇ ಕಾಯ್ತಿದ್ದೆ ಅನ್ಸತ್ತೆ."

ಜರಡಿ ಬಾಟಲಿ ಹಿಡಿದುಕೊಂಡು ಮುಂದೆ, ಅಳಿಯ ಹಿಂದೆ. ಲಿಫ್ಟು ಯಾವುದೋ ಮಹಡಿಯಲ್ಲಿ ಸಿಕ್ಕಿಕೊಂಡಿತ್ತು. ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದೆ ಜರಡಿ ಹತ್ತಿದಳು. ಮೇಲೆ ತಲುಪುವುದರೊಳಗೆ ಏದುಸಿರು. ಹೊಸ ಕವಾಟ ಮಾತ್ರ ದೂರು ಹೇಳದೆ ದುಡಿಯಿತು.

ಸಭೆಯ ಕೋಣೆಯ ಬಾಗಿಲು ತೆರೆದೇ ಇತ್ತು. ಕುರ್ಚಿ ಸರಿಸುವ ಸದ್ದು. ಫೈಲು ಹಿಡಿದವರು ಒಬ್ಬೊಬ್ಬರೇ ತಲೆ ತಗ್ಗಿಸಿಕೊಂಡು ಹೊರಬಂದು ಮೆಟ್ಟಿಲಿನ ಕಡೆ ಹೋದರು. ಇಷ್ಟು ಬೇಗ ಮುಗಿಯಿತೇ?

ಕಾರಿಡಾರಿನ ಕಿಟಕಿಯ ಹತ್ತಿರ ಗುಬ್ಬಿ ನಿಂತಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿ ಎನ್ನುವಂಥ ಮುಖ.

"ಆಯ್ತು ಮೇಡಂ," ಎಂದಳು. "ನಾಳೆಯಿಂದ ಬರ್ಬೇಡ ಅಂದ್ರು. ಪ್ರೋಗ್ರಾಮು ತಿದ್ದೋ ಹಕ್ಕೂ ತೆಗೆದುಬಿಟ್ರು."

"ಬಾಟಲಿ ವಿಷಯ ಹೇಳಲಿಲ್ವಾ ನೀನು?"

"ಹೇಳೋಕ್ಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅಧ್ಯಕ್ಷರು, ಇದಕ್ಕೆ ಯಾರ್ಯಾರ ಒಪ್ಪಿಗೆ ಇದೆ ಅಂತ ಕೇಳಿದ್ರು. ಸ್ವಲ್ಪ ಹೊತ್ತು ಯಾರೂ ಅಲ್ಲಾಡ್ಲಿಲ್ಲ ಮೇಡಂ. ಪಾಪ, ಎಲ್ಲರಿಗೂ ಮುಜುಗರ." ಗುಬ್ಬಿ ಕಿಟಕಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಮೊದಲು ಕೈ ಎತ್ತಿದ್ದು ಮೇಷ್ಟ್ರೇ."

ಅಳಿಯ ಸಭೆಯ ಕೋಣೆಯ ಕಡೆ ತಿರುಗಿದ.

"ಆಮೇಲೆ ನನಗೆ ಮಾತೇ ಬರ್ಲಿಲ್ಲ. ಅವರು ಎತ್ತಿದಾರೆ ಅಂದ್ರೆ ಏನೋ ಕಾರಣ ಇರತ್ತೆ, ಅಲ್ವಾ ಮೇಡಂ? ನನ್ನ ಒಳ್ಳೇದಕ್ಕೇ ಇರತ್ತೆ. ಅವರು ನನಗೆ ಕೆಟ್ಟದ್ದು ಮಾಡೋರಲ್ಲ." ಅವಳು ಜರಡಿಯ ಕೈಯಲ್ಲಿದ್ದ ಬಾಟಲಿಯನ್ನು ನೋಡಿದಳು, ಪಕ್ಕದಲ್ಲಿ ನಿಂತಿದ್ದ ಅಳಿಯನನ್ನು ನೋಡಿದಳು, ಮತ್ತೆ ಬಾಟಲಿಯನ್ನು ನೋಡಿದಳು. "ಯಾರು ಅಂತ ಗೊತ್ತಾಯ್ತಾ?"

ಜರಡಿ ಉತ್ತರ ಕೊಡಲು ಬಾಯಿ ತೆರೆದಳು.

ಸಭೆಯ ಕೋಣೆಯಿಂದ ಕಡೆಯಲ್ಲಿ ಗುಳ್ಳೆ ಮೇಷ್ಟ್ರು ಹೊರಬಂದರು. ಒಂದೇ ವಾರದಲ್ಲಿ ಇಳಿದುಹೋಗಿದ್ದರು, ಅಂಗಿ ಹೆಗಲಿನಲ್ಲಿ ಜೋತಾಡುತ್ತಿತ್ತು. ಜರಡಿಯ ಕೈಯಲ್ಲಿದ್ದದ್ದು ಕಂಡಿತು, ಅವಳ ಪಕ್ಕದಲ್ಲಿದ್ದವನು ಕಂಡ. ಬೇರೆ ಏನನ್ನೂ ಅವರು ಕೇಳಬೇಕಾಗಿರಲಿಲ್ಲ. ಗುಬ್ಬಿ ಅವರಿಗೆ ಬೆನ್ನು ಹಾಕಿ ನಿಂತಿದ್ದಳು.

ಮೇಷ್ಟ್ರು ಅವಳ ಬೆನ್ನ ಹಿಂದೆ, ಅವಳಿಗೆ ಕಾಣದಂತೆ, ಜರಡಿಯ ಕಡೆಗೆ ಎರಡೂ ಕೈ ಜೋಡಿಸಿದರು.

"ಹೇಳಿ ಮೇಡಂ," ಎಂದಳು ಗುಬ್ಬಿ. "ಯಾರು?"